ಡಾನ್ ಫರೋ

ಡೊನಾಲ್ಡ್ ಬರೋಸ್ ಫರೋ (23 ಜೂನ್ 1902 – 19 ಅಕ್ಟೋಬರ್ 1995) ಅಮೆರಿಕ ಸಂಯುಕ್ತ ಸಂಸ್ಥಾನದ ಪ್ರಸಿದ್ಧ ಕಾಲೇಜು ಫುಟ್‌ಬಾಲ್ ತರಬೇತುದಾರರು. ಅವರು ಡಾನ್ ಫರೋ ಎಂಬ ಹೆಸರಿನಿಂದ ಪರಿಚಿತರು. ಮಿಸೌರಿ ವಿಶ್ವವಿದ್ಯಾಲಯದ ತಂಡಕ್ಕೆ ಹತ್ತೊಂಬತ್ತು ಋತುಗಳ ಕಾಲ ತರಬೇತಿ ನೀಡಿದ ಅವರು 1941ರಲ್ಲಿ ‘ಸ್ಪ್ಲಿಟ್ ಟಿ’ ಎಂಬ ಆಕ್ರಮಣ ವ್ಯೂಹವನ್ನು ರೂಪಿಸಿದರು. ಚೆಂಡನ್ನು ಯಾರು ಒಯ್ಯಬೇಕೆಂಬುದನ್ನು ಮೊದಲೇ ತೀರ್ಮಾನಿಸದೆ, ಎದುರಾಳಿಯ ಚಲನೆಯನ್ನು ಕಂಡು ಓಟದ ನಡುವೆಯೇ ನಿರ್ಧರಿಸುವ ‘ಆಪ್ಷನ್’ ಪದ್ಧತಿಯು ಕಾಲೇಜು ಫುಟ್‌ಬಾಲಿನಲ್ಲಿ ವ್ಯಾಪಕವಾಗಿ ಬೇರೂರಿದ್ದು ಈ ವ್ಯೂಹದಿಂದಲೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಫರೋ ಅವರು ಈ ವಿದ್ಯೆಯನ್ನು ತಮ್ಮ ಸಹಾಯಕರಿಗೆ ಮುಚ್ಚುಮರೆಯಿಲ್ಲದೆ ಕಲಿಸಿದರು. ಮುಂದೆ ಆ ಸಹಾಯಕರು ಅದೇ ವಿದ್ಯೆಯಿಂದ ರಾಷ್ಟ್ರೀಯ ಚಾಂಪಿಯನ್ ತಂಡಗಳನ್ನು ಕಟ್ಟಿದರಲ್ಲದೆ ಫರೋ ಅವರ ತಂಡವನ್ನೂ ಸೋಲಿಸಿದರು.

ಬಾಲ್ಯ ಮತ್ತು ವಿದ್ಯಾರ್ಥಿ ಜೀವನ

ಫರೋ ಅವರು ಮಿಸೌರಿ ರಾಜ್ಯದ ಮೌಂಟನ್ ಗ್ರೋವ್ ಎಂಬ ಸಣ್ಣ ಊರಿನಲ್ಲಿ 1902ರಲ್ಲಿ ಜನಿಸಿದರು. ಬಾಲ್ಯದಲ್ಲಿ ನಡೆದ ಅಪಘಾತವೊಂದರಲ್ಲಿ ಅವರ ಬಲಗೈಯ ಎರಡು ಬೆರಳುಗಳು ತುಂಡಾದವು. ಚೆಂಡನ್ನು ಹಿಡಿಯುವ ಮತ್ತು ಎಸೆಯುವ ಆಟಗಳಿಗೆ ಇದು ದೊಡ್ಡ ಅಡ್ಡಿಯಾಗಬಹುದಿತ್ತು. ದೇಹದ ತೂಕವೂ ಹೆಚ್ಚಿರಲಿಲ್ಲ. ಆದರೂ ಮಿಸೌರಿ ವಿಶ್ವವಿದ್ಯಾಲಯದಲ್ಲಿ ಓದುವಾಗ ಅವರು ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಮತ್ತು ಬೇಸ್‌ಬಾಲ್ ಮೂರರಲ್ಲಿಯೂ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದರು. ಈ ಪೈಕಿ ಬ್ಯಾಸ್ಕೆಟ್‌ಬಾಲಿನ ಅನುಭವವು ಮುಂದೆ ಅವರ ಫುಟ್‌ಬಾಲ್ ಚಿಂತನೆಗೆ ತಳಹದಿಯಾಯಿತು.

ಕೊಲಂಬಿಯಾ ನಗರದಲ್ಲಿರುವ ವಿಶ್ವವಿದ್ಯಾಲಯದ ಮೆಮೋರಿಯಲ್ ಕ್ರೀಡಾಂಗಣವು 1926ರಲ್ಲಿ ಸಿದ್ಧವಾಯಿತು. ಆಗ ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದ ಫರೋ ಅವರು ಮೈದಾನಕ್ಕೆ ಹುಲ್ಲುಹಾಸು ಹೊದಿಸುವ ಕೆಲಸದಲ್ಲಿ ಕೈಜೋಡಿಸಿದ್ದರು.

ಕರ್ಕ್ಸ್‌ವಿಲ್ ಕಾಲೇಜಿನಲ್ಲಿ

1926ರಲ್ಲಿ ಫರೋ ಅವರು ಅದೇ ರಾಜ್ಯದ ಕರ್ಕ್ಸ್‌ವಿಲ್‌ನಲ್ಲಿದ್ದ ಶಿಕ್ಷಕರ ತರಬೇತಿ ಕಾಲೇಜಿಗೆ ಫುಟ್‌ಬಾಲ್ ತರಬೇತುದಾರರಾಗಿ ಸೇರಿದರು. ಶಾಲಾ ಶಿಕ್ಷಕರನ್ನು ತಯಾರುಮಾಡುತ್ತಿದ್ದ ಆ ಚಿಕ್ಕ ಕಾಲೇಜಿನಲ್ಲಿ ಅವರು 1934ರವರೆಗೆ ಒಂಬತ್ತು ಋತುಗಳನ್ನು ಕಳೆದರು. ಈ ಅವಧಿಯಲ್ಲಿ ಅವರ ತಂಡವು 63 ಪಂದ್ಯಗಳಲ್ಲಿ ಗೆದ್ದು, 13ರಲ್ಲಿ ಸೋತು, 3 ಪಂದ್ಯಗಳನ್ನು ಸಮ ಮಾಡಿಕೊಂಡಿತು.

1933ರಲ್ಲಿ ಕರ್ಕ್ಸ್‌ವಿಲ್ ತಂಡವು ಕೊಲಂಬಿಯಾಕ್ಕೆ ಹೋಗಿ ಮಿಸೌರಿ ವಿಶ್ವವಿದ್ಯಾಲಯದ ತಂಡವನ್ನು 26–6 ಅಂಕಗಳಿಂದ ಸೋಲಿಸಿತು. ಶಿಕ್ಷಕರ ಕಾಲೇಜೊಂದು ರಾಜ್ಯದ ಮುಖ್ಯ ವಿಶ್ವವಿದ್ಯಾಲಯವನ್ನು ಅದರ ಅಂಗಳದಲ್ಲಿಯೇ ಮಣಿಸಿದ ಈ ಪಂದ್ಯವು ಎಲ್ಲರ ಗಮನ ಸೆಳೆಯಿತು. ಮಿಸೌರಿ ತಂಡದ ಸ್ಥಿತಿ ಆಗ ಶೋಚನೀಯವಾಗಿತ್ತು. 1932ರಿಂದ 1934ರವರೆಗಿನ ಮೂರು ಋತುಗಳಲ್ಲಿ ಅದು ಗೆದ್ದದ್ದು ಎರಡೇ ಪಂದ್ಯಗಳನ್ನು. ಸೋತದ್ದು 23 ಪಂದ್ಯಗಳನ್ನು.

ಮಿಸೌರಿ ವಿಶ್ವವಿದ್ಯಾಲಯಕ್ಕೆ

1935ರಲ್ಲಿ ಮಿಸೌರಿ ವಿಶ್ವವಿದ್ಯಾಲಯವು ಫರೋ ಅವರನ್ನು ಮುಖ್ಯ ತರಬೇತುದಾರರನ್ನಾಗಿಯೂ ಕ್ರೀಡಾ ವಿಭಾಗದ ನಿರ್ದೇಶಕರನ್ನಾಗಿಯೂ ನೇಮಿಸಿತು. ಸೋಲಿನ ಜೊತೆಗೆ ಸಾಲದ ಹೊರೆಯೂ ಅವರ ಹೆಗಲೇರಿತು. ಕ್ರೀಡಾ ವಿಭಾಗದ ಮೇಲೆ ಸುಮಾರು 5 ಲಕ್ಷ ಡಾಲರ್ ಸಾಲವಿತ್ತು. ಆರ್ಥಿಕ ಮುಗ್ಗಟ್ಟಿನ ಆ ದಶಕದಲ್ಲಿ ಇದು ಬಹು ದೊಡ್ಡ ಮೊತ್ತ. ಸಾಲ ತೀರಿಸಲು ಫರೋ ಅವರು ಓಹಿಯೋ ಸ್ಟೇಟ್‌ನಂತಹ ಪ್ರಬಲ ತಂಡಗಳ ಊರಿಗೇ ಹೋಗಿ ಆಡಲು ಒಪ್ಪಿಕೊಂಡರು. ಅಲ್ಲಿ ಸೋಲುವ ಸಂಭವ ಹೆಚ್ಚು. ಆದರೆ ಆ ದೊಡ್ಡ ಕ್ರೀಡಾಂಗಣಗಳಲ್ಲಿ ಸೇರುತ್ತಿದ್ದ ಪ್ರೇಕ್ಷಕರ ಟಿಕೆಟ್ ಹಣದಲ್ಲಿ ಮಿಸೌರಿಗೂ ಪಾಲು ಸಿಗುತ್ತಿತ್ತು. ಈ ದಾರಿಯಿಂದ ಸಾಲವು ಕ್ರಮೇಣ ತೀರಿತು.

ರಾಜ್ಯದ ತೆರಿಗೆಯಿಂದ ನಡೆಯುವ ವಿಶ್ವವಿದ್ಯಾಲಯದ ತಂಡದಲ್ಲಿ ಆ ರಾಜ್ಯದ ಹುಡುಗರೇ ಆಡಬೇಕೆಂಬುದು ಫರೋ ಅವರ ನಿಲುವಾಗಿತ್ತು. ಬೇರೆ ವಿಶ್ವವಿದ್ಯಾಲಯಗಳು ದೂರದ ರಾಜ್ಯಗಳಿಂದ ಪ್ರತಿಭಾವಂತರನ್ನು ಸೆಳೆದು ತರುತ್ತಿದ್ದ ಕಾಲದಲ್ಲಿಯೂ ಅವರು ಬಹುಮಟ್ಟಿಗೆ ಈ ನಿಲುವಿಗೆ ಅಂಟಿಕೊಂಡಿದ್ದರು.

ಮಿಸೌರಿಯ ಹುಡುಗರೇ ತುಂಬಿದ್ದ 1939ರ ತಂಡವು ಬಿಗ್ ಸಿಕ್ಸ್ ಒಕ್ಕೂಟದ ಪ್ರಶಸ್ತಿ ಗೆದ್ದಿತು. ಚೆಂಡೆಸೆತದಲ್ಲಿ ನಿಪುಣರಾಗಿದ್ದ ಪಾಲ್ ಕ್ರಿಸ್ಟ್‌ಮನ್ ಈ ತಂಡದ ಜೀವಾಳವಾಗಿದ್ದರು. 1940ರ ಜನವರಿ 1ರಂದು ನಡೆದ ಆರೆಂಜ್ ಬೌಲ್ ಪಂದ್ಯದಲ್ಲಿ ಮಿಸೌರಿ ತಂಡವು ಜಾರ್ಜಿಯಾ ಟೆಕ್ ಎದುರು 21–7ರಿಂದ ಸೋತಿತು. 1940ರ ಋತುವಿನೊಂದಿಗೆ ಕ್ರಿಸ್ಟ್‌ಮನ್ ಅವರ ಕಾಲೇಜು ಆಟ ಮುಗಿಯಿತು. ಅವರಂತೆ ಚೆಂಡನ್ನು ದೂರಕ್ಕೆ ಎಸೆಯಬಲ್ಲ ಮತ್ತೊಬ್ಬ ಆಟಗಾರ ತಂಡದಲ್ಲಿರಲಿಲ್ಲ. ವೇಗವಾಗಿ ಓಡಬಲ್ಲವರು ಮಾತ್ರ ಹಲವರಿದ್ದರು. ಈ ಕೊರತೆಯನ್ನು ತುಂಬಲು ಫರೋ ಅವರು ಹೊಸ ವ್ಯೂಹವೊಂದನ್ನು ಯೋಚಿಸಬೇಕಾಯಿತು.

ಸ್ಪ್ಲಿಟ್ ಟಿ ವ್ಯೂಹ

ಅಮೆರಿಕನ್ ಫುಟ್‌ಬಾಲ್ ನಮ್ಮಲ್ಲಿ ಆಡುವ ಕಾಲ್ಚೆಂಡಾಟಕ್ಕಿಂತ ಭಿನ್ನವಾದುದು. ಇದರಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಎಸೆಯಲೂಬಹುದು. ಪ್ರತಿ ತಂಡದಲ್ಲಿ 11 ಆಟಗಾರರು. ಎದುರಾಳಿಯ ಗೆರೆಯವರೆಗಿನ ಮೈದಾನದ ಉದ್ದ 100 ಗಜ. ಚೆಂಡು ಹೊಂದಿದ ತಂಡವು ನಾಲ್ಕು ಯತ್ನಗಳಲ್ಲಿ 10 ಗಜ ಮುಂದೊತ್ತಿದರೆ ಮತ್ತೆ ನಾಲ್ಕು ಯತ್ನಗಳು ಸಿಗುತ್ತವೆ. ಇಲ್ಲವಾದರೆ ಚೆಂಡು ಎದುರಾಳಿಯ ಪಾಲಾಗುತ್ತದೆ. ಮುಂಚೂಣಿಯಲ್ಲಿ ಏಳು ಮಂದಿ ಸಾಲಾಗಿ ನಿಲ್ಲುತ್ತಾರೆ. ಅವರ ಹಿಂದೆ ಕ್ವಾರ್ಟರ್‌ಬ್ಯಾಕ್, ಇಬ್ಬರು ಹಾಫ್‌ಬ್ಯಾಕ್ ಮತ್ತು ಒಬ್ಬ ಫುಲ್‌ಬ್ಯಾಕ್ ಇರುತ್ತಾರೆ. ಈ ಹಿಂದಿನ ನಾಲ್ವರು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ನಿಂತರೆ ಅದು ‘ಟಿ’ ವ್ಯೂಹ. 1940ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡವು ಕ್ಲಾರ್ಕ್ ಶಾಗ್ನೆಸಿ ಅವರ ಮಾರ್ಗದರ್ಶನದಲ್ಲಿ ಈ ಹಳೆಯ ವ್ಯೂಹವನ್ನು ಹೊಸ ರೂಪದಲ್ಲಿ ಬಳಸಿ ಒಂದೂ ಪಂದ್ಯ ಸೋಲದೆ ಋತುವನ್ನು ಮುಗಿಸಿತ್ತು. ಇದರಿಂದಾಗಿ ದೇಶದಾದ್ಯಂತ ತರಬೇತುದಾರರ ಗಮನ ‘ಟಿ’ ವ್ಯೂಹದತ್ತ ಹರಿದಿತ್ತು.

ಫರೋ ಅವರು ಈ ವ್ಯೂಹದಲ್ಲಿ ಎರಡು ಮುಖ್ಯ ಬದಲಾವಣೆಗಳನ್ನು ಮಾಡಿದರು. ಮೊದಲನೆಯದು, ಒತ್ತೊತ್ತಾಗಿ ನಿಲ್ಲುತ್ತಿದ್ದ ಮುಂಚೂಣಿಯ ಆಟಗಾರರ ನಡುವೆ ಅಂತರವನ್ನು ಹೆಚ್ಚಿಸಿದ್ದು. ಆಕ್ರಮಣಕಾರರು ಹರಡಿ ನಿಂತಾಗ ರಕ್ಷಕರೂ ಹರಡಿ ನಿಲ್ಲಬೇಕಾಗುತ್ತದೆ. ಆಗ ನಡುವೆ ನುಗ್ಗಲು ಸಂದುಗಳು ತಾವಾಗಿಯೇ ತೆರೆದುಕೊಳ್ಳುತ್ತವೆ. ವ್ಯೂಹಕ್ಕೆ ಸ್ಪ್ಲಿಟ್ ಎಂಬ ವಿಶೇಷಣ ಬಂದದ್ದು ಹೀಗೆ ಬಿಡಿಸಿ ನಿಲ್ಲಿಸಿದ ಸಾಲಿನಿಂದ.

ಎರಡನೆಯ ಬದಲಾವಣೆ ಹೆಚ್ಚು ಮೂಲಭೂತವಾದುದು. ಅದುವರೆಗೆ ಕ್ವಾರ್ಟರ್‌ಬ್ಯಾಕ್ ಸಾಮಾನ್ಯವಾಗಿ ಚೆಂಡನ್ನು ಪಡೆದು ಹಿಂದಕ್ಕೆ ಸರಿದು ಮತ್ತೊಬ್ಬನಿಗೆ ಕೊಡುತ್ತಿದ್ದನು. ಫರೋ ಅವರ ವ್ಯೂಹದಲ್ಲಿ ಅವನು ಮುಂಚೂಣಿಗೆ ಸಮಾನಾಂತರವಾಗಿ ಪಕ್ಕಕ್ಕೆ ಓಡುತ್ತಾನೆ. ಹಾಫ್‌ಬ್ಯಾಕ್ ಒಬ್ಬನು ಅವನಿಗಿಂತ ಕೆಲವು ಗಜ ಹೊರಗೆ, ತುಸು ಹಿಂದೆ ಓಡಿಬರುತ್ತಾನೆ. ಎದುರಾಳಿಯ ಸಾಲಿನ ಅಂಚಿನಲ್ಲಿರುವ ರಕ್ಷಕನನ್ನು ಉದ್ದೇಶಪೂರ್ವಕವಾಗಿಯೇ ಯಾರೂ ತಡೆಯುವುದಿಲ್ಲ. ಆ ರಕ್ಷಕನು ಕ್ವಾರ್ಟರ್‌ಬ್ಯಾಕ್‌ನ ಮೇಲೆರಗಿದರೆ ಚೆಂಡು ಹಾಫ್‌ಬ್ಯಾಕ್‌ನ ಕೈಗೆ ಹೋಗುತ್ತದೆ. ಹಾಫ್‌ಬ್ಯಾಕ್‌ನನ್ನು ಹಿಡಿಯಲು ಹೊರಕ್ಕೆ ಸರಿದರೆ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ತನ್ನಲ್ಲೇ ಇಟ್ಟುಕೊಂಡು ಒಳಗಿನಿಂದ ಮುನ್ನುಗ್ಗುತ್ತಾನೆ. ರಕ್ಷಕನು ಏನು ಮಾಡಿದರೂ ಅದು ತಪ್ಪಾಗುವಂತೆ ಈ ಆಟವನ್ನು ಹೆಣೆಯಲಾಗಿದೆ.

ಈ ಯೋಚನೆ ಫರೋ ಅವರಿಗೆ ಹೊಳೆದದ್ದು ಬ್ಯಾಸ್ಕೆಟ್‌ಬಾಲಿನಿಂದ. ಇಬ್ಬರು ಆಟಗಾರರು ಒಬ್ಬನೇ ರಕ್ಷಕನೆದುರು ವೇಗವಾಗಿ ಓಡಿಬಂದಾಗ, ಚೆಂಡು ಹಿಡಿದವನು ರಕ್ಷಕನ ಹೆಜ್ಜೆಯನ್ನು ನೋಡಿ ತಾನೇ ಬುಟ್ಟಿಗೆ ಹಾಕಬೇಕೋ ಜೊತೆಗಾರನಿಗೆ ಕೊಡಬೇಕೋ ಎಂಬುದನ್ನು ನಿರ್ಧರಿಸುತ್ತಾನೆ. ಚಾಮರಾಜನಗರ, ಗುಂಡ್ಲುಪೇಟೆಯ ಶಾಲಾ ಮೈದಾನಗಳಲ್ಲಿ ಕಬಡ್ಡಿ ಆಡುವವರಿಗೂ ಇಂತಹ ನಿರ್ಧಾರ ಅಪರಿಚಿತವಲ್ಲ. ದಾಳಿಗೆ ಹೋದವನು ಮೂಲೆಯ ರಕ್ಷಕನು ಮುಂದೆ ಬರುವನೋ ಹಿಂದೆ ಉಳಿಯುವನೋ ಎಂಬುದನ್ನು ಕಂಡ ಮೇಲೆಯೇ ಕೈ ಚಾಚುತ್ತಾನೆ ಅಥವಾ ಹಿಂದಿರುಗುತ್ತಾನೆ. ಮೈಸೂರಿನಿಂದ ಬರುವ ಹೆದ್ದಾರಿಯು ಗುಂಡ್ಲುಪೇಟೆಯಲ್ಲಿ ಒಂದು ಕಡೆ ಬಂಡೀಪುರದ ಮೂಲಕ ಊಟಿಗೂ ಇನ್ನೊಂದು ಕಡೆ ಕೇರಳದ ವಯನಾಡಿಗೂ ಕವಲೊಡೆಯುತ್ತದೆ. ಆ ಕವಲನ್ನು ತಲುಪಿದ ಮೇಲೆ, ಯಾವ ದಾರಿ ತೆರೆದಿದೆಯೆಂದು ನೋಡಿ ತಿರುಗುವ ಚಾಲಕನ ಸ್ಥಿತಿಯೇ ಇಲ್ಲಿ ಕ್ವಾರ್ಟರ್‌ಬ್ಯಾಕ್‌ನದು. ವ್ಯತ್ಯಾಸವೆಂದರೆ ಅವನಿಗೆ ಯೋಚಿಸಲು ಕ್ಷಣಮಾತ್ರ ಸಮಯವಿರುತ್ತದೆ.

ಈ ಪದ್ಧತಿಯಿಂದ ತರಬೇತುದಾರನ ಅಧಿಕಾರದ ಒಂದು ಭಾಗವು ಆಟಗಾರನ ಕೈಗೆ ಹೋಯಿತು. ಯಾವ ಆಟ ಆಡಬೇಕೆಂದು ಹೊರಗಿನಿಂದ ಹೇಳಬಹುದಾದರೂ ಅದರ ಕೊನೆಯ ತೀರ್ಮಾನವನ್ನು ಓಡುತ್ತಿರುವ ವಿದ್ಯಾರ್ಥಿಯೇ ಕೈಗೊಳ್ಳಬೇಕಾಗಿತ್ತು. ಹೀಗಾಗಿ ದೇಹಬಲದಷ್ಟೇ ಅಭ್ಯಾಸಕ್ಕೂ ವಿವೇಚನೆಗೂ ಬೆಲೆ ಬಂದಿತು. ದೈತ್ಯಾಕಾರದ ಆಟಗಾರರಿಲ್ಲದ ತಂಡಗಳಿಗೆ ಇದು ವರವಾಯಿತು. ಏಕೆಂದರೆ ಎದುರಾಳಿಯ ಒಬ್ಬ ರಕ್ಷಕನನ್ನು ಮುಟ್ಟದೆಯೇ ಆಟದಿಂದ ಹೊರಗಿಡಬಹುದಾಗಿತ್ತು.

1941 ಮತ್ತು 1942ರ ಋತುಗಳು

1941ರ ಮೊದಲ ಪಂದ್ಯದಲ್ಲಿ ಮಿಸೌರಿ ತಂಡವು ಓಹಿಯೋ ಸ್ಟೇಟ್ ಎದುರು 12–7ರಿಂದ ಸೋತಿತು. ಅನಂತರ ಸತತವಾಗಿ ಎಂಟು ಪಂದ್ಯಗಳನ್ನು ಗೆದ್ದು ಒಕ್ಕೂಟದ ಪ್ರಶಸ್ತಿಯನ್ನು ಪಡೆಯಿತು. ಚೆಂಡೊಯ್ಯುವ ಓಟದಿಂದ ಗಳಿಸಿದ ಗಜಗಳ ಲೆಕ್ಕದಲ್ಲಿ ಅದು ಆ ವರ್ಷ ದೇಶದಲ್ಲಿಯೇ ಮೊದಲನೆಯ ಸ್ಥಾನದಲ್ಲಿತ್ತು.

1942ರ ಜನವರಿ 1ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ನಡೆದ ಶುಗರ್ ಬೌಲ್ ಪಂದ್ಯದಲ್ಲಿ ಮಿಸೌರಿ ತಂಡವು ಫೋರ್ಡಮ್ ವಿಶ್ವವಿದ್ಯಾಲಯದ ತಂಡವನ್ನು ಎದುರಿಸಿತು. ಮಳೆಯಿಂದ ಕೆಸರಾದ ಮೈದಾನದಲ್ಲಿ ಓಟವನ್ನೇ ನೆಚ್ಚಿದ ಆಕ್ರಮಣವು ಸಾಗಲಿಲ್ಲ. ಮಿಸೌರಿಯ ಒಂದು ಒದೆತವನ್ನು ಫೋರ್ಡಮ್ ಆಟಗಾರರು ತಡೆದುದರಿಂದ ಅವರಿಗೆ ‘ಸೇಫ್ಟಿ’ ನಿಯಮದಂತೆ 2 ಅಂಕಗಳು ದೊರೆತವು. ಪಂದ್ಯದಲ್ಲಿ ಬಂದ ಅಂಕಗಳು ಅವೆರಡೇ. 2–0 ಅಂತರದ ಈ ಸೋಲಿನ ಬಳಿಕವೂ ಫರೋ ಅವರು ತಮ್ಮ ವ್ಯೂಹವನ್ನು ಕೈಬಿಡಲಿಲ್ಲ. 1942ರಲ್ಲಿ ಒಕ್ಕೂಟದ ಪ್ರಶಸ್ತಿಯು ಮತ್ತೆ ಮಿಸೌರಿಗೆ ಸಂದಿತು.

ಯುದ್ಧಕಾಲ ಮತ್ತು ಸಹಾಯಕರು

ಎರಡನೆಯ ಮಹಾಯುದ್ಧದ ಸಮಯದಲ್ಲಿ ಫರೋ ಅವರು ನೌಕಾಪಡೆಯ ಸೇವೆಗೆ ಸೇರಿದರು. ವಿಮಾನ ಚಾಲಕರಾಗಲಿರುವ ಯುವಕರಿಗೆ ದೈಹಿಕ ಶಿಕ್ಷಣ ನೀಡಲು ನೌಕಾಪಡೆಯು ಅಯೋವಾ ವಿಶ್ವವಿದ್ಯಾಲಯದಲ್ಲಿ ತರಬೇತಿ ಶಾಲೆಯೊಂದನ್ನು ನಡೆಸುತ್ತಿತ್ತು. ‘ಅಯೋವಾ ಪ್ರೀ–ಫ್ಲೈಟ್’ ಎಂಬ ಹೆಸರಿನ ಆ ಶಾಲೆಯ ತಂಡವು ಕಾಲೇಜು ತಂಡಗಳೊಡನೆ ಪಂದ್ಯಗಳನ್ನಾಡುತ್ತಿತ್ತು. 1943ರಲ್ಲಿ ಫರೋ ಅವರು ಅದರ ಮುಖ್ಯ ತರಬೇತುದಾರರಾದರು. ಆ ವರ್ಷ ತಂಡವು ಒಂಬತ್ತು ಪಂದ್ಯಗಳನ್ನು ಗೆದ್ದಿತು. ಸೋತದ್ದು ರಾಷ್ಟ್ರೀಯ ಚಾಂಪಿಯನ್ ಆದ ನಾಟ್ರ್ ಡೇಮ್ ತಂಡಕ್ಕೆ ಮಾತ್ರ, ಅದೂ 14–13ರಿಂದ.

ಅಲ್ಲಿ ಅವರಿಗೆ ಸಹಾಯಕರಾಗಿದ್ದವರು ಜಿಮ್ ಟೇಟಮ್ ಮತ್ತು ಬಡ್ ವಿಲ್ಕಿನ್ಸನ್. ಯುದ್ಧ ಮುಗಿದ ಮೇಲೆ ಇವರೆಲ್ಲರೂ ತಂತಮ್ಮ ವಿಶ್ವವಿದ್ಯಾಲಯಗಳಲ್ಲಿ ಪರಸ್ಪರ ಪ್ರತಿಸ್ಪರ್ಧಿಗಳಾಗುವ ಸಂಭವವಿತ್ತು. ಆದರೂ ಫರೋ ಅವರು ಸ್ಪ್ಲಿಟ್ ಟಿ ವ್ಯೂಹದ ಒಳಹೊರಗನ್ನೆಲ್ಲ ಅವರಿಗೆ ಕಲಿಸಿಕೊಟ್ಟರು. 1944ರಲ್ಲಿ ಅವರು ಫ್ಲೋರಿಡಾದ ಜಾಕ್ಸನ್‌ವಿಲ್‌ನಲ್ಲಿದ್ದ ನೌಕಾ ವಾಯುನೆಲೆಯ ತಂಡಕ್ಕೆ ತರಬೇತಿ ನೀಡಿದರು.

ಶಿಷ್ಯರ ಎದುರು

1946ರಲ್ಲಿ ಫರೋ ಅವರು ಮಿಸೌರಿಗೆ ಮರಳಿದರು. ಅದೇ ವರ್ಷ ಟೇಟಮ್ ಒಕ್ಲಹೋಮ ವಿಶ್ವವಿದ್ಯಾಲಯದ ಮುಖ್ಯ ತರಬೇತುದಾರರಾದರು. ವಿಲ್ಕಿನ್ಸನ್ ಅವರಿಗೆ ಸಹಾಯಕರಾದರು. ಮರುವರ್ಷ ಟೇಟಮ್ ಮೇರಿಲ್ಯಾಂಡ್‌ಗೆ ಹೋದಾಗ ಒಕ್ಲಹೋಮದ ಹೊಣೆ ವಿಲ್ಕಿನ್ಸನ್ ಅವರಿಗೆ ಬಂದಿತು. ಇಬ್ಬರೂ ಸ್ಪ್ಲಿಟ್ ಟಿ ವ್ಯೂಹವನ್ನೇ ಬಳಸಿದರು. ವಿಶಾಲ ಪ್ರದೇಶದಿಂದ ಆಟಗಾರರನ್ನು ಆರಿಸಿಕೊಳ್ಳುತ್ತಿದ್ದ ಈ ತಂಡಗಳ ಕೈಯಲ್ಲಿ ಅದು ಇನ್ನಷ್ಟು ಹರಿತವಾಯಿತು.

ಒಕ್ಲಹೋಮ ಮತ್ತು ಮಿಸೌರಿ ಒಂದೇ ಒಕ್ಕೂಟಕ್ಕೆ ಸೇರಿದ್ದುದರಿಂದ ಪ್ರತಿ ವರ್ಷವೂ ಪರಸ್ಪರ ಎದುರಾಗುತ್ತಿದ್ದವು. 1947ರಿಂದ 1956ರವರೆಗಿನ ಹತ್ತು ಪಂದ್ಯಗಳಲ್ಲಿ ಒಂದರಲ್ಲಿಯೂ ಫರೋ ಅವರಿಗೆ ವಿಲ್ಕಿನ್ಸನ್ ತಂಡವನ್ನು ಸೋಲಿಸಲಾಗಲಿಲ್ಲ. 1956ರ ಪಂದ್ಯವು 67–14ರಲ್ಲಿ ಮುಗಿಯಿತು. 1950ರ ಜನವರಿಯಲ್ಲಿ ನಡೆದ ಗೇಟರ್ ಬೌಲ್ ಪಂದ್ಯದಲ್ಲಿ ಟೇಟಮ್ ಅವರ ಮೇರಿಲ್ಯಾಂಡ್ ತಂಡವು ಮಿಸೌರಿಯನ್ನು 20–7ರಿಂದ ಸೋಲಿಸಿತು. 1953ರಲ್ಲಿ ಮೇರಿಲ್ಯಾಂಡ್ ರಾಷ್ಟ್ರೀಯ ಚಾಂಪಿಯನ್ ಆಯಿತು. ಒಕ್ಲಹೋಮ 1950, 1955 ಮತ್ತು 1956ರಲ್ಲಿ ಆ ಪಟ್ಟ ಪಡೆಯಿತು. 1953ರಿಂದ 1957ರವರೆಗೆ ಅದು ಸತತ 47 ಪಂದ್ಯಗಳನ್ನು ಗೆದ್ದ ದಾಖಲೆಯು ಇಂದಿಗೂ ಉನ್ನತ ವಿಭಾಗದ ಕಾಲೇಜು ಫುಟ್‌ಬಾಲಿನಲ್ಲಿ ಅಳಿದಿಲ್ಲ. 1954ರ ಜನವರಿ 1ರಂದು ಆರೆಂಜ್ ಬೌಲ್ ಪಂದ್ಯದಲ್ಲಿ ಒಕ್ಲಹೋಮ ಮತ್ತು ಮೇರಿಲ್ಯಾಂಡ್ ಎದುರುಬದುರಾದಾಗ ಎರಡೂ ಕಡೆ ನಿಂತದ್ದು ಫರೋ ಅವರ ವ್ಯೂಹವೇ. ಆ ಪಂದ್ಯವನ್ನು ಒಕ್ಲಹೋಮ 7–0ರಿಂದ ಗೆದ್ದಿತು.

ಈ ಸೋಲುಗಳ ನಡುವೆಯೂ ಫರೋ ಅವರು ತಮ್ಮ ಪದ್ಧತಿಯನ್ನು ಗೋಪ್ಯವಾಗಿಡಲಿಲ್ಲ. 1950ರಲ್ಲಿ ಸ್ಪ್ಲಿಟ್ ಟಿ ವ್ಯೂಹದ ರಹಸ್ಯಗಳನ್ನು ವಿವರಿಸುವ ಪುಸ್ತಕವನ್ನೇ ಪ್ರಕಟಿಸಿದರು. 1952ರಲ್ಲಿ ವಿಲ್ಕಿನ್ಸನ್ ಅವರೂ ಅದೇ ವಿಷಯದ ಮೇಲೆ ಪುಸ್ತಕ ಬರೆದರು.

ಮಿಸೌರಿ ತಂಡಕ್ಕೆ ಈ ಅವಧಿಯಲ್ಲಿ ಗೆಲುವುಗಳು ಇಲ್ಲದಿರಲಿಲ್ಲ. 1948ರಲ್ಲಿ ಅದು ಡೋಕ್ ವಾಕರ್ ಅವರಿದ್ದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ ಬಲಿಷ್ಠ ತಂಡವನ್ನು 20–14ರಿಂದ ಮಣಿಸಿತು. ಆದರೆ ಫರೋ ಅವರ ಮಾರ್ಗದರ್ಶನದಲ್ಲಿ ಆಡಿದ ನಾಲ್ಕು ಬೌಲ್ ಪಂದ್ಯಗಳಲ್ಲಿ ಒಂದನ್ನೂ ಮಿಸೌರಿ ಗೆಲ್ಲಲಿಲ್ಲ.

ವರ್ಣಭೇದದ ಪ್ರಶ್ನೆ

ಫರೋ ಅವರ ಕಾಲದ ಮಿಸೌರಿಯಲ್ಲಿ ಶಿಕ್ಷಣವು ವರ್ಣಭೇದದ ಕಟ್ಟಿಗೆ ಒಳಗಾಗಿತ್ತು. ವಿಶ್ವವಿದ್ಯಾಲಯವು ಕಪ್ಪು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಆರಂಭಿಸಿದ್ದು 1950ರಲ್ಲಿ. ಅದಕ್ಕೆ ಮೊದಲು ಕಪ್ಪು ಆಟಗಾರರಿರುವ ತಂಡಗಳು ಅವರನ್ನು ಬಿಟ್ಟು ಬರಬೇಕೆಂಬ ಅಲಿಖಿತ ಒಪ್ಪಂದ ಜಾರಿಯಲ್ಲಿತ್ತು. 1940ರಲ್ಲಿ ಕೊಲಂಬಿಯಾದಲ್ಲಿ ಆಡಲು ಬಂದ ನ್ಯೂಯಾರ್ಕ್ ವಿಶ್ವವಿದ್ಯಾಲಯದ ತಂಡವು ತನ್ನ ಕಪ್ಪು ಆಟಗಾರ ಲಿಯೊನಾರ್ಡ್ ಬೇಟ್ಸ್ ಅವರನ್ನು ಕರೆತರಲಿಲ್ಲ. ಇದನ್ನು ವಿರೋಧಿಸಿ ನ್ಯೂಯಾರ್ಕ್‌ನ ವಿದ್ಯಾರ್ಥಿಗಳು ದೊಡ್ಡ ಪ್ರತಿಭಟನೆ ನಡೆಸಿದರು. ಮರುವರ್ಷ ಅವರಲ್ಲಿ ಏಳು ಮಂದಿಯನ್ನು ಅಮಾನತುಗೊಳಿಸಲಾಯಿತು. ಆ ಏಳು ಮಂದಿಯನ್ನು ನ್ಯೂಯಾರ್ಕ್ ವಿಶ್ವವಿದ್ಯಾಲಯವು ಗೌರವಿಸಿದ್ದು ಆರು ದಶಕಗಳ ನಂತರ, 2001ರಲ್ಲಿ. ರಾಜ್ಯದ ಹುಡುಗರ ತಂಡವೆಂದು ಹೆಸರಾದ ಮಿಸೌರಿ ತಂಡದಲ್ಲಿ ಫರೋ ಅವರು ತರಬೇತುದಾರರಾಗಿದ್ದಷ್ಟು ಕಾಲವೂ ರಾಜ್ಯದ ಕಪ್ಪು ಹುಡುಗರಿಗೆ ಸ್ಥಾನವಿರಲಿಲ್ಲ. ಅವರ ನಂತರ ಬಂದ ಫ್ರಾಂಕ್ ಬ್ರಾಯ್ಲ್ಸ್ ಅವರ ಕಾಲದಲ್ಲಿ, 1957ರಲ್ಲಿ, ನಾರಿಸ್ ಸ್ಟೀವನ್ಸನ್ ಮತ್ತು ಮೆಲ್ ವೆಸ್ಟ್ ಅವರ ಆಯ್ಕೆಯೊಂದಿಗೆ ಈ ಸ್ಥಿತಿ ಬದಲಾಯಿತು. ಆಗ ಕ್ರೀಡಾ ನಿರ್ದೇಶಕರಾಗಿದ್ದವರು ಫರೋ ಅವರೇ.

ಕೊನೆಯ ಪಂದ್ಯ ಮತ್ತು ನಿವೃತ್ತಿ

1956ರ ಋತುವಿನ ಕೊನೆಯಲ್ಲಿ ಫರೋ ಅವರು ತರಬೇತಿಯಿಂದ ನಿವೃತ್ತರಾದರು. ಅವರ ಕೊನೆಯ ಪಂದ್ಯ ಸಾಂಪ್ರದಾಯಿಕ ಎದುರಾಳಿ ಕ್ಯಾನ್ಸಸ್ ವಿಶ್ವವಿದ್ಯಾಲಯದೊಡನೆ ಕೊಲಂಬಿಯಾದಲ್ಲಿ ನಡೆಯಿತು. ಆಟ ಮುಗಿಯುವ ಹೊತ್ತಿಗೆ ಎರಡೂ ತಂಡಗಳು 13 ಅಂಕಗಳಲ್ಲಿ ಸಮವಾಗಿದ್ದವು. ತನ್ನ ಗೆರೆಯ ಸಮೀಪದಲ್ಲಿದ್ದ ಕ್ಯಾನ್ಸಸ್ ತಂಡವು ಚೆಂಡನ್ನು ಕೈಯಿಂದ ಕೈಗೆ ಬದಲಿಸುವ ಸಾಹಸಕ್ಕಿಳಿಯಿತು. ಆಗ ಮಿಸೌರಿಯ ಚಕ್ ಮೆಹ್ರರ್ ಎದುರಾಳಿಯನ್ನು ಗೆರೆಯ ಹಿಂದೆಯೇ ಕೆಡವಿ ‘ಸೇಫ್ಟಿ’ಯ 2 ಅಂಕಗಳನ್ನು ಗಳಿಸಿದರು. ಮಿಸೌರಿ 15–13ರಿಂದ ಗೆದ್ದಿತು. ಹದಿನಾಲ್ಕು ವರ್ಷಗಳ ಹಿಂದೆ ಶುಗರ್ ಬೌಲ್ ಪಂದ್ಯವನ್ನು ಫರೋ ಅವರಿಂದ ಕಸಿದುಕೊಂಡಿದ್ದ ನಿಯಮವೇ ಅವರ ಕೊನೆಯ ಗೆಲುವನ್ನು ತಂದುಕೊಟ್ಟಿತು.

ಮಿಸೌರಿಯಲ್ಲಿ ಅವರ ಒಟ್ಟು ಸಾಧನೆ 101 ಗೆಲುವು, 79 ಸೋಲು, 10 ಸಮ. ಕ್ರೀಡಾ ನಿರ್ದೇಶಕರಾಗಿ ಅವರು 1967ರವರೆಗೆ ಸೇವೆ ಸಲ್ಲಿಸಿದರು.

ಪ್ರಭಾವ

ಸ್ಪ್ಲಿಟ್ ಟಿ ವ್ಯೂಹವು 1950ರ ದಶಕದ ನಂತರ ಕ್ರಮೇಣ ಹಿಂದೆ ಸರಿಯಿತು. ಆದರೆ ಅದರ ಮೂಲತತ್ತ್ವ ಅಳಿಯಲಿಲ್ಲ. 1960ರ ದಶಕದಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾಲಯದ ಬಿಲ್ ಯೋಮನ್ ‘ವೀರ್’ ಪದ್ಧತಿಯನ್ನು ಬೆಳೆಸಿದರು. ಅದರಲ್ಲಿ ಒಬ್ಬರ ಬದಲು ಇಬ್ಬರು ರಕ್ಷಕರನ್ನು ತಡೆಯದೆ ಬಿಡಲಾಗುತ್ತಿತ್ತು. ಆದ್ದರಿಂದ ಎರಡರ ಬದಲು ಮೂರು ಆಯ್ಕೆಗಳು ದೊರೆತವು. 1968ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಎಮರಿ ಬೆಲ್ಲಾರ್ಡ್ ರೂಪಿಸಿದ ‘ವಿಷ್‌ಬೋನ್’ ವ್ಯೂಹವೂ ಈ ಮೂರು ಆಯ್ಕೆಗಳನ್ನೇ ಆಧರಿಸಿತ್ತು. ಅದರ ಬಲದಿಂದ ಟೆಕ್ಸಾಸ್ ತಂಡವು ಸತತ 30 ಪಂದ್ಯಗಳನ್ನು ಗೆದ್ದಿತು. ಭೂಸೇನೆ, ನೌಕಾಪಡೆ ಮತ್ತು ವಾಯುಪಡೆಯ ಅಕಾಡೆಮಿಗಳ ತಂಡಗಳು ಬಲಾಢ್ಯ ಎದುರಾಳಿಗಳ ವಿರುದ್ಧ ಆಪ್ಷನ್ ಪದ್ಧತಿಯನ್ನು ದೀರ್ಘಕಾಲ ನೆಚ್ಚಿಕೊಂಡು ಬಂದಿವೆ. ಇಂದಿನ ಕಾಲೇಜು ಮತ್ತು ವೃತ್ತಿಪರ ತಂಡಗಳು ಬಳಸುವ ‘ಜೋನ್ ರೀಡ್’ ಆಟದಲ್ಲಿಯೂ ಕ್ವಾರ್ಟರ್‌ಬ್ಯಾಕ್ ತಡೆಯದೆ ಬಿಟ್ಟ ರಕ್ಷಕನೊಬ್ಬನನ್ನು ನೋಡಿಯೇ ತೀರ್ಮಾನ ಕೈಗೊಳ್ಳುತ್ತಾನೆ.

ಗೌರವಗಳು ಮತ್ತು ನಿಧನ

1961ರಲ್ಲಿ ಫರೋ ಅವರ ಹೆಸರನ್ನು ಕಾಲೇಜು ಫುಟ್‌ಬಾಲಿನ ‘ಹಾಲ್ ಆಫ್ ಫೇಮ್’ಗೆ ಸೇರಿಸಲಾಯಿತು. 1972ರಲ್ಲಿ ಮೆಮೋರಿಯಲ್ ಕ್ರೀಡಾಂಗಣದ ಮೈದಾನಕ್ಕೆ ‘ಫರೋ ಫೀಲ್ಡ್’ ಎಂದು ಹೆಸರಿಡಲಾಯಿತು. ಕೆಲವು ವರ್ಷಗಳ ಕಾಲ ಆ ಮೈದಾನದಲ್ಲಿ ಕೃತಕ ಹಾಸು ಇತ್ತು. 1995ರಲ್ಲಿ ಅದನ್ನು ತೆಗೆದು ಮತ್ತೆ ಸಹಜ ಹುಲ್ಲನ್ನು ಬೆಳೆಸಲು ನಿರ್ಧರಿಸಿದಾಗ, ಹುಲ್ಲುಹಾಸಿನ ಕೊನೆಯ ತುಂಡನ್ನು ಇರಿಸುವ ಗೌರವವನ್ನು ಫರೋ ಅವರಿಗೆ ನೀಡಲಾಯಿತು. 1926ರಲ್ಲಿ ಅದೇ ಮೈದಾನಕ್ಕೆ ಹುಲ್ಲು ಹೊದಿಸಿದ್ದ ಕೈಗಳಿಂದ ಈ ಕೆಲಸವೂ ನೆರವೇರಿತು. ಅದೇ ವರ್ಷದ ಅಕ್ಟೋಬರ್ 19ರಂದು ಅವರು ಕೊಲಂಬಿಯಾದಲ್ಲಿ ನಿಧನರಾದರು. ಆಗ ಅವರಿಗೆ 93 ವರ್ಷ ವಯಸ್ಸಾಗಿತ್ತು.